ಹುತ್ತದಣಬೆ ಮತ್ತು ನನ್ನ ಮುಚ್ಚಿದ ಬಾಯಿ

ನಾನು ಚಿಕ್ಕವಳಿದ್ದಾಗ ನನ್ನ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಊಟಕ್ಕೆ ಕೂತರೆ ಮಂಡಿ ಅಲ್ಲಾಡುತ್ತಿತ್ತು, ಮಲಗಿದರೆ ಹೆಬ್ಬೆರಳು ಚಾಪೆ ಕೆರೆಯುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ದಿನಕ್ಕೆ ನಾಲ್ಕು ಸಲ ಬಯ್ಯುತ್ತಿದ್ದಳು. ಅಂಥ ನನ್ನ ಕಾಲೇ ಸೋತು ಕುಸಿಯುವಷ್ಟು ಚಡಪಡಿಸಿದ ಒಂದು ದಿನವಿದೆ. ಅದನ್ನು ನಿಮಗೆ ಹೇಳಲೇಬೇಕು. ಮೊನ್ನೆ ನೀವು ಮೊಮ್ಮಕ್ಕಳಿಬ್ಬರೂ ಗೋಕುಲಂ ಪಾರ್ಕಿನ ಹುಲ್ಲಿನಿಂದ ಬಿಳಿ ಅಣಬೆ ಕಿತ್ತು ತಂದಾಗ ನಾನು ಅದನ್ನು ಕಸದ ಬುಟ್ಟಿಗೆ ಎಸೆದು, ನಿಮ್ಮ ಕೈಗೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಸಿದೆನಲ್ಲ. ಅಣಬೆ ಆರೋಗ್ಯಕ್ಕೆ ಒಳ್ಳೆಯದೆಂದು ಪುಸ್ತಕದಲ್ಲೇ ಇದೆ ಎಂದು ಮುಖ ಊದಿಸಿಕೊಂಡು ಕೂತಿರಿ. ಒಳ್ಳೆಯದೇ, ಇಲ್ಲವೆಂದವರು ಯಾರು? ಎಷ್ಟು ಒಳ್ಳೆಯದೆಂದು ನನಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ, ಅದಕ್ಕೇ ಕೇಳಿ.

ಆಗ ನಮ್ಮ ಮನೆ ಹೂಟಗಳ್ಳಿಯಲ್ಲಿತ್ತು. ನೀವು ಕಾರಿನ ಕಿಟಕಿಯಿಂದ ನೋಡುವ ಹೂಟಗಳ್ಳಿಯಲ್ಲ ಅದು. ಫ್ಯಾಕ್ಟರಿ ಗೋಡೆಗಳು ಅಲ್ಲೊಂದು ಇಲ್ಲೊಂದು ಏಳತೊಡಗಿದ್ದವು ಅಷ್ಟೆ, ಮಿಕ್ಕಿದ್ದೆಲ್ಲ ರಾಗಿ ಹೊಲ, ಅವರೆ ಸಾಲು, ಕಳ್ಳಿ ಬೇಲಿ. ಅಂಗಳದಲ್ಲಿ ನಿಂತರೆ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಬೆಟ್ಟದ ನೆತ್ತಿ ಮೋಡದೊಳಗೆ ಹೋದರೆ ಅಜ್ಜಿ ಸೌದೆಯನ್ನು ಒಳಗೆ ಹೊರಿಸುತ್ತಿದ್ದಳು. ಅಪ್ಪ ಎರಡು ಹಸು ಸಾಕಿದ್ದ. ಬೆಳಕು ಹರಿಯುವ ಮೊದಲೇ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮೈಸೂರಿನ ಮನೆಗಳಿಗೆ ತಿಂಗಳ ವರ್ತನೆಯ ಹಾಲು ಹಾಕಲು ಹೋಗುತ್ತಿದ್ದ.

ಆ ವರ್ಷ ಅಕ್ಕನಿಗೆ ವಿಷಮಶೀತ ಜ್ವರ ಬಂತು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಡಾಕ್ಟರ ಔಷಧಿಯಿಂದ ಜ್ವರ ಬಿಟ್ಟಿತು, ಆದರೆ ಮನೆಗೆ ಬಂದವಳು ನನ್ನ ಅಕ್ಕನ ಹಾಗೆ ಇರಲಿಲ್ಲ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಕೆರೆ ಏರಿಯ ಮೇಲೆ ಓಡುತ್ತಿದ್ದವಳಿಗೆ ಈಗ ನೀರಿನ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಜಡೆ ಹೋಗಿತ್ತು, ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದು ಒಂದೇ ಮಾತು: ಜ್ವರ ಹೋಗಿದೆ, ಇನ್ನು ಊಟವೇ ಔಷಧಿ, ಉಣ್ಣದೆ ಹೋದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಅಕ್ಕ ಉಣ್ಣಲೇ ಇಲ್ಲ. ಗಂಜಿ ಕೊಟ್ಟರೆ ಬಾಯಿ ಕಹಿ ಎಂದಳು. ಮೆದುವಾಗಿ ಮಾಡಿದ ಅನ್ನ ಕೊಟ್ಟರೆ ಗೋಡೆಯ ಕಡೆ ತಿರುಗಿದಳು. ಅಪ್ಪ ಮೈಸೂರಿನಿಂದ ದಿನಾ ಒಂದು ಬನ್ನು ತರುತ್ತಿದ್ದ, ಅದರ ಮೂಲೆ ಮುರಿದು ನಾಲಿಗೆಗೆ ತಾಕಿಸಿ ಕೆಳಗಿಡುತ್ತಿದ್ದಳು. ಮಿಕ್ಕ ಬನ್ನನ್ನು ಯಾರು ತಿನ್ನುತ್ತಿದ್ದರೆಂದು ಕೇಳಬೇಡಿ. ತಿನ್ನುವಾಗ ನಾಚಿಕೆಯಾಗುತ್ತಿತ್ತು, ಆದರೂ ತಿನ್ನುತ್ತಿದ್ದೆ. ಅವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಗೆ ಎಂದು ಸುಳ್ಳು ಹೇಳುತ್ತಿದ್ದಳು. ಆ ಮನೆಯಲ್ಲಿ ಎಲ್ಲರಿಗೂ ಒಂದೇ ಭಯವಿತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆರಿದ್ರೆ ಮಳೆಯ ಒಂದು ಸಂಜೆ ಗುಡುಗು ಶುರುವಾಯಿತು. ಹೆಂಚಿನ ಕೆಳಗಿಟ್ಟ ಪಾತ್ರೆಗಳು ಅದುರುವಂಥ ಗುಡುಗು. ಅಕ್ಕ ಕಣ್ಣು ಮುಚ್ಚಿಕೊಂಡೇ, "ನಾಳೆ ನಾಳಿದ್ರಲ್ಲಿ ಹುತ್ತದಣಬೆ ಏಳ್ತವೆ, ಅಲ್ವಾ ಅಜ್ಜಿ? ಅದ್ರ ಸಾರಾದ್ರೆ ಒಂದು ತುತ್ತು ಇಳೀತಿತ್ತು" ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಬಾಯಿಬಿಟ್ಟು ಕೇಳಿದ ಮೊದಲ ತಿನಿಸು ಅದು. ಅವ್ವ ಅಜ್ಜಿಯ ಮುಖ ನೋಡಿದಳು, ಅಜ್ಜಿ ನನ್ನ ಮುಖ ನೋಡಿದಳು.

ಅಜ್ಜಿ ನೋಡಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ಅಣಬೆಯ ವಿಷಯ ಬಲ್ಲವಳು ಅವಳೊಬ್ಬಳೇ, ಆದರೆ ಆ ವರ್ಷ ಅವಳ ಕಣ್ಣಿಗೆ ಪೊರೆ ಬಂದಿತ್ತು. ಹೊಲಕ್ಕೆ ಹೋಗಿ ಹುಡುಕಲಾರಳು. ಹುತ್ತದಣಬೆ ಎಂದರೆ ಗೆದ್ದಲಿನ ಹುತ್ತದ ಮೇಲೆ, ಸುತ್ತಮುತ್ತ, ಗುಡುಗಿದ ಮೇಲೆ ಏಳುವುದು. ಕೊಡೆಯ ನೆತ್ತಿ ಮೊನಚಾಗಿರುತ್ತದೆ, ಕಾಲು ಬೇರಿನಂತೆ ಉದ್ದಕ್ಕೆ ಹುತ್ತದೊಳಗೆ ಇಳಿದಿರುತ್ತದೆ. ಅದರ ಸಾರು ಕುಡಿದರೆ ಬಳಲಿದ ಮೈಗೆ ಕಸುವು ಬರುತ್ತದೆ, ಬಾಯಿಗೆ ರುಚಿ ಹತ್ತುತ್ತದೆ, ಮಾಂಸ ಅರಗದ ಹೊಟ್ಟೆಗೂ ಅಣಬೆ ಅರಗುತ್ತದೆ ಎನ್ನುತ್ತಿದ್ದಳು ಅಜ್ಜಿ. ಮಿಕ್ಕಿದ್ದನ್ನು ಒಣಗಿಸಿ ಗಡಿಗೆಯಲ್ಲಿಟ್ಟು, ಚಳಿಗಾಲದಲ್ಲಿ ಕೆಮ್ಮು ಹಿಡಿದವರ ಗಂಜಿಗೆ ಪುಡಿ ಮಾಡಿ ಹಾಕುತ್ತಿದ್ದಳು. ಕುಡುಗೋಲು ತಾಗಿದ ಬೆರಳಿಗೆ ದುಂಡಗಿನ ಒಣ ಅಣಬೆಯ ಕಂದು ಹುಡಿ ಒತ್ತುತ್ತಿದ್ದಳು. ಯಾವ ಅಣಬೆಯನ್ನೇ ತಂದರೂ ಸಾರಿಗೆ ಹಾಕುವ ಮೊದಲು ಮೊರದಲ್ಲಿ ಮಗುಚಿಟ್ಟು, "ಚೂರು ಬಿಸ್ಲು ಕುಡೀಲಿ, ಆಗ ಮೂಳೆಗೆ ಒಳ್ಳೇದು" ಎನ್ನುತ್ತಿದ್ದಳು.

ಅಜ್ಜಿಗೆ ಅಣಬೆಯ ಗುಣ ಗೊತ್ತಿದ್ದಷ್ಟೇ ಅದರ ಕಟ್ಟಳೆಗಳೂ ಗೊತ್ತಿದ್ದವು. ಒಂದನೆಯದು: ಮೊಗ್ಗಿನಲ್ಲಿರುವ ಅಣಬೆಯ ಮೇಲೆ ಮನುಷ್ಯರ ಕಣ್ಣು ಬಿದ್ದರೆ ಅದು ಅಲ್ಲಿಗೇ ನಿಂತುಬಿಡುತ್ತದೆ, ಮುಂದೆ ಬೆಳೆಯುವುದಿಲ್ಲ. ಎರಡನೆಯದು ಇನ್ನೂ ಗಟ್ಟಿ: ಕಿತ್ತು ತಂದವರು ಅದು ಬೆಂದು ತಟ್ಟೆಗೆ ಬಿದ್ದು ಮೊದಲ ತುತ್ತು ಗಂಟಲಿಳಿಯುವ ತನಕ ಎಲ್ಲಿ ಸಿಕ್ಕಿತೆಂದು ಬಾಯಿ ಬಿಡಕೂಡದು, ಮನೆಯವರೂ ಕೇಳಕೂಡದು. ಹೇಳಿದರೆ ಆ ಹುತ್ತ ಮುನಿಸಿಕೊಂಡು ಮತ್ತೆಂದೂ ಅಣಬೆ ಕೊಡುವುದಿಲ್ಲ. ನಮ್ಮೂರಿನಲ್ಲಿ ಅಣಬೆ ತಂದವರು ಮೂಗರ ಹಾಗೆ ಓಡಾಡುವುದನ್ನು ನಾನೇ ನೋಡಿದ್ದೆ.

ಮಾರನೆಯ ಬೆಳಿಗ್ಗೆ ಕರುವಿಗೆ ಹುಲ್ಲು ತರಲು ಹೋದವಳು ಹೊಲದ ಬದುವಿನ ಹುತ್ತದ ಹತ್ತಿರ ನಿಂತೆ. ನೋಡಬಾರದು ಎಂದುಕೊಂಡೇ ನೋಡಿಬಿಟ್ಟೆ. ಒದ್ದೆ ಕೆಮ್ಮಣ್ಣನ್ನು ಸೀಳಿಕೊಂಡು ಹೆಬ್ಬೆರಳಿನ ತುದಿಯಷ್ಟು ದಪ್ಪದ ಬೂದು ಮೊಗ್ಗುಗಳು ಎದ್ದಿದ್ದವು. ಅಯ್ಯೋ, ಕಣ್ಣು ಬಿತ್ತಲ್ಲ, ಇನ್ನು ಇವು ಬೆಳೆಯುವುದಿಲ್ಲವಲ್ಲ! ಥಟ್ಟನೆ ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿಕೊಂಡೇ ಹೊಂಗೆ ಸೊಪ್ಪು ತಡಕಿ ಕಿತ್ತು ಹುತ್ತದ ಮೇಲೆ ಹೊದಿಸಿದೆ. ನೋಡಿದ್ದನ್ನು ನೋಡದ ಹಾಗೆ ಮಾಡಲು ಮೂರು ಹೆಜ್ಜೆ ಹಿಂದು ಹಿಂದಕ್ಕೆ ನಡೆದೆ. ಹುಲ್ಲಿನ ಹೊರೆ ಅಲ್ಲೇ ಮರೆತು ಮನೆಗೆ ಹೋಗಿ ಅವ್ವನಿಂದ ಬೈಸಿಕೊಂಡೆ.

ಸ್ಕೂಲಿನಲ್ಲಿ ಆ ದಿನ ನನಗೆ ಒಂದಕ್ಷರವೂ ಹತ್ತಲಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಬರೆಯಲು ಹೋದರೆ ಬಳಪ ತಾನೇ ಹುತ್ತದ ಚಿತ್ರ ಬರೆಯುತ್ತಿತ್ತು. ಮೊಗ್ಗು ಹೆಬ್ಬೆರಳಷ್ಟೇ ಇದ್ದರೆ ಎಲ್ಲ ಸೇರಿಸಿದರೂ ಒಂದು ಬೊಗಸೆ ಬರುವುದಿಲ್ಲ, ಒಂದು ಬೊಗಸೆಗೆ ಒಂದು ಲೋಟ ಸಾರೂ ಆಗುವುದಿಲ್ಲ, ಅಕ್ಕ ಒಂದು ತುತ್ತು ತಿಂದು ಇನ್ನಷ್ಟು ಕೇಳಿದರೆ? ನನ್ನ ಕಾಲು ಬೆಂಚಿನ ಕೆಳಗೆ ಬಡಿದುಕೊಳ್ಳುತ್ತಲೇ ಇತ್ತು. "ಏನಮ್ಮಾ, ಇರುವೆ ಗೂಡಿನ ಮೇಲೆ ಕೂತಿದ್ದೀಯಾ?" ಎಂದು ಮೇಷ್ಟ್ರು ಎದ್ದು ನಿಲ್ಲಿಸಿದರು. ನಿಂತರೂ ಕುಣಿತ ನಿಲ್ಲಲಿಲ್ಲ. ಕಿಟಕಿಯಲ್ಲಿ ಬೆಟ್ಟ ಕಾಣುತ್ತಿತ್ತು, ಮೋಡ ಅದರ ನೆತ್ತಿಯನ್ನು ಮುಚ್ಚುವುದು, ಬಿಡುವುದು ಮಾಡುತ್ತಿತ್ತು. ಮಳೆ ಬಂದು ಮೊಗ್ಗು ಕೊಳೆತುಹೋದರೆ ಎಂಬ ಹೊಸ ಚಿಂತೆ ಹತ್ತಿಕೊಂಡಿತು.

ಮಧ್ಯಾಹ್ನದ ಗಂಟೆ ಹೊಡೆದದ್ದೇ ತಡ, ಚೀಲ ಅಲ್ಲೇ ಬಿಟ್ಟು ಓಡಿದೆ. ದಾರಿಯಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಗೋಡೆ, ಅದರ ಪಕ್ಕದ ಹುಲ್ಲಿನಲ್ಲಿ ಬಿಳಿ ಬಿಳಿ ಅಣಬೆಗಳು. ತಟ್ಟೆಯಷ್ಟು ಅಗಲ, ಮುಟ್ಟಿದರೆ ಮೆತ್ತಗೆ, ಒಂದು ಹುಳುವಿಲ್ಲ, ಚೂರೂ ಮಣ್ಣಿಲ್ಲ. ಹುತ್ತದಲ್ಲಿ ಬೆಳೆದದ್ದಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಚಂದ ಇರುವುದು ಕೆಟ್ಟದ್ದಾಗಿರುತ್ತದೆಯೇ? ಹುತ್ತದ್ದಂತೂ ನನ್ನ ಕಣ್ಣು ಬಿದ್ದು ನಿಂತುಹೋಗಿರುತ್ತದೆ, ಸಾರಿಗೆ ಸಾಲುವುದಿಲ್ಲ, ಇವು ಸೇರಿದರೆ ಸಾಲುತ್ತದೆ. ಹೀಗೆ ನನಗೆ ನಾನೇ ಹೇಳಿಕೊಂಡು ಕಿತ್ತು ಕಿತ್ತು ಲಂಗದ ಮಡಿಲಿಗೆ ಹಾಕಿಕೊಂಡೆ. ಎಷ್ಟು ಕಿತ್ತೆನೆಂದು ಎಣಿಸಲಿಲ್ಲ. ಆ ಗಡಿಬಿಡಿಯಲ್ಲಿ ಎಣಿಸುವವರು ಯಾರು?

ಹುತ್ತದ ಹತ್ತಿರ ಹೋಗಿ ಹೊಂಗೆ ಸೊಪ್ಪು ಸರಿಸಿದೆ. ಮೊಗ್ಗುಗಳೆಲ್ಲ ಅರಳಿ ಕೊಡೆ ಬಿಚ್ಚಿ ನಿಂತಿದ್ದವು! ನನ್ನ ಕಣ್ಣು ಬಿದ್ದಿದ್ದರೂ ಬೆಳೆದಿದ್ದವು. ಸ್ವಲ್ಪ ಬುದ್ಧಿ ಇದ್ದವರಾದರೆ ಅಲ್ಲೇ ಮಡಿಲು ಕೊಡವಿ ಗೋಡೆ ಪಕ್ಕದ್ದನ್ನು ಚೆಲ್ಲಿಬಿಡುತ್ತಿದ್ದರು. ನಾನು ಚೆಲ್ಲಲಿಲ್ಲ. ಇರಲಿ, ಅಕ್ಕನಿಗೆ ಹೊಟ್ಟೆ ತುಂಬ ಆಗಲಿ ಎಂದುಕೊಂಡೆ. ಪ್ರೀತಿಯಲ್ಲೂ ದುರಾಸೆ ಇರುತ್ತದೆ ಮಕ್ಕಳೇ, ನನಗೆ ಆ ದಿನ ಇತ್ತು. ಹುತ್ತದ ಅಣಬೆಯ ಬೇರುಗಳನ್ನೆಲ್ಲ ಮುರಿದು ಬಿಸಾಕಿದೆ, ಕೆರೆಯ ತೂಬಿನ ನೀರಿನಲ್ಲಿ ಎಲ್ಲವನ್ನೂ ಒಟ್ಟಿಗೆ ತೊಳೆದೆ. ಅಚ್ಚುಕಟ್ಟಾದ ಹುಡುಗಿ ಎಂದು ಹೊಗಳಿಸಿಕೊಳ್ಳುವ ಆಸೆ ಬೇರೆ.

ಮನೆಗೆ ಬಂದವಳು ತುಟಿ ಬಿಗಿದುಕೊಂಡು ಅಜ್ಜಿಯ ಮುಂದೆ ಮಡಿಲು ಬಿಚ್ಚಿದೆ. ಅಜ್ಜಿ ಮೇಲಿನ ಎರಡು ಮೂರನ್ನು ಕೈಗೆ ತೆಗೆದುಕೊಂಡು ನೆತ್ತಿ ಸವರಿದಳು. ಮೊನಚು ಸಿಕ್ಕಿತು, ಅವಳ ಮುಖ ಅರಳಿತು. ಹುತ್ತದ್ದೇ ಮೇಲಿತ್ತು, ಯಾಕೆಂದರೆ ತೊಳೆದ ಮೇಲೆ ಅದನ್ನೇ ಕೊನೆಗೆ ತುಂಬಿದ್ದೆ. "ಬೇರು ಎಲ್ಲವ್ವಾ?" ಎಂದಳು. ಮುರಿದುಹೋಯಿತೆಂದು ಕೈಸನ್ನೆ ಮಾಡಿದೆ. ಬೇರಿಲ್ಲದ ಅಣಬೆಯನ್ನು ಅಜ್ಜಿ ಎಂದೂ ಒಳಗೆ ಬಿಟ್ಟವಳಲ್ಲ. ಆದರೆ ಒಳಗಿನಿಂದ ಅಕ್ಕ, "ಸಿಕ್ತಾ ಅಜ್ಜಿ?" ಎಂದು ಕೇಳಿದಳು. ಆ ದನಿಯಲ್ಲಿ ಎಷ್ಟೋ ದಿನದ ಮೇಲೆ ಜೀವ ಇತ್ತು. ಅಜ್ಜಿ ಸೋತಳು, ಎಲ್ಲಿಂದ ತಂದೆ ಎಂದು ಕೇಳುವ ಹಾಗೂ ಇರಲಿಲ್ಲ. ಎಲ್ಲವನ್ನೂ ಮೊರಕ್ಕೆ ಸುರಿದು, ಕೊಡೆ ಮಗುಚಿ, ಕಾಗೆ ಕಾಯಲು ನನ್ನನ್ನು ಬಿಸಿಲಿನಲ್ಲಿ ಕೂರಿಸಿದಳು.

ಕೂತವಳು ಎಷ್ಟು ಹೊತ್ತು ಕಾಗೆಯನ್ನೇ ನೋಡಲಿ? ಅಣಬೆ ನೋಡತೊಡಗಿದೆ. ಅಣಬೆಯ ಕೊಡೆಯ ಒಳಗೆ ಪುಸ್ತಕದ ಹಾಳೆಗಳ ಹಾಗೆ ಪದರಗಳಿರುತ್ತವೆ. ಹುತ್ತದ್ದರಲ್ಲಿ ಆ ಹಾಳೆಗಳು ಕೆನೆಯ ಬಣ್ಣಕ್ಕಿದ್ದವು. ಗೋಡೆ ಪಕ್ಕದ ದೊಡ್ಡ ಕೊಡೆಯೊಂದರ ಹಾಳೆಗಳು ಹಸಿರಾಗಿದ್ದವು. ಪಾಚಿ ಹತ್ತಿದ ನೀರಿನ ಮಂಕು ಹಸಿರು. ಕೀಳುವಾಗ ನಾನು ಮೇಲಿನ ಬಿಳುಪು ನೋಡಿದ್ದೆನೇ ಹೊರತು ಒಳಗೆ ತಿರುಗಿಸಿ ನೋಡಿರಲಿಲ್ಲ. ಅಂಥ ಅಣಬೆ ನಮ್ಮ ಮನೆಯ ಮೊರದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಯಾರೂ ಇಲ್ಲದ್ದನ್ನು ನೋಡಿ ಅದನ್ನು ತಿಪ್ಪೆಗೆ ಎಸೆದೆ. ಇನ್ನೊಂದು ಸಿಕ್ಕಿತು, ಮತ್ತೊಂದು ಸಿಕ್ಕಿತು. ಒಟ್ಟು ನಾಲ್ಕು. ಆಮೇಲೆ ಮೊರದಲ್ಲಿ ಉಳಿದದ್ದೆಲ್ಲ ಬಿಳುಪು, ಕೆನೆ, ಬೂದು. ಸರಿಹೋಯಿತು ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ ಅನುಮಾನ ಬಂತು. ನಾನು ಕಿತ್ತದ್ದು ನಾಲ್ಕೇ? ಐದಿರಬಹುದೇ? ಗೋಡೆಯ ತಿರುವಿನಲ್ಲಿ ಚಿಕ್ಕವು ಇದ್ದವಲ್ಲ, ಇನ್ನೂ ಅರಳದವು, ಅವನ್ನೂ ಕಿತ್ತೆನೇ? ಚಿಕ್ಕವಕ್ಕೆ ಹಸಿರು ಇನ್ನೂ ಹತ್ತದೆ ಇದ್ದರೆ? ಮೊರವನ್ನು ಮತ್ತೆ ಮತ್ತೆ ಕೆದಕಿದೆ. ಹುತ್ತದ್ದಕ್ಕೆ ಬೇರು ಇದ್ದಿದ್ದರೆ ಯಾವುದು ಯಾವುದೆಂದು ಗೊತ್ತಾಗುತ್ತಿತ್ತು, ಅವನ್ನು ನಾನೇ ಮುರಿದು ಬಿಸಾಕಿದ್ದೆ. ಅಷ್ಟರಲ್ಲಿ ಅವ್ವ ಬಂದು, "ಏಳು, ಕೆದಕಿದ್ದು ಸಾಕು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಇನ್ನು ನನ್ನ ಪಾಡು ಕೇಳಿ. ಒಳಗೆ ಅವ್ವ ಕೊತ್ತಂಬರಿ ಬೀಜ, ಮೆಣಸು, ಕಾಯಿ ಹುರಿದು ಒರಳಿಗೆ ಹಾಕಿದಳು. ಒಗ್ಗರಣೆಗೆ ಬೆಳ್ಳುಳ್ಳಿ ಬಿದ್ದ ಘಮಕ್ಕೆ ಹಸು ಕೂಡ ಮೂಗು ಎತ್ತಿತು. ನಾನು ಹಿತ್ತಲಿಗೆ ಹೋದೆ, ಅಂಗಳಕ್ಕೆ ಬಂದೆ, ಬಾವಿಯ ಕಟ್ಟೆ ಹತ್ತಿದೆ, ಇಳಿದೆ. ಹೇಳಿಬಿಡಲೇ? ಹೇಳಿದರೆ ಹುತ್ತ ಮುನಿಯುತ್ತದೆ, ಅಕ್ಕನಿಗೆ ಎಂದೂ ಅಣಬೆ ಸಿಗುವುದಿಲ್ಲ, ತಪ್ಪು ನನ್ನದಾಗುತ್ತದೆ. ಹೇಳದಿದ್ದರೆ? ಬಹುಶಃ ಏನೂ ಆಗುವುದಿಲ್ಲ, ನಾಲ್ಕೇ ಇದ್ದಿರಬೇಕು. ನಾಲ್ಕೇ ಎಂದುಕೊಂಡು ಎರಡು ಹೆಜ್ಜೆ ಇಟ್ಟರೆ ಮೂರನೆಯ ಹೆಜ್ಜೆಗೆ ಐದು ಎನ್ನಿಸುತ್ತಿತ್ತು. ಅಪ್ಪ ಸೈಕಲ್ ಒರೆಸುತ್ತ, "ಯಾಕವ್ವಾ ಬಾಲ ಸುಟ್ಟ ಬೆಕ್ಕಿನಂಗೆ ಆಡ್ತಿದ್ದೀಯಾ?" ಎಂದು ಕೇಳಿದ. ತಲೆ ಅಲ್ಲಾಡಿಸಿದೆ. ಅಣಬೆ ತಂದವಳ ಮೌನ ಇದು ಎಂದು ಅಪ್ಪ ನಕ್ಕ.

ದೀಪ ಹಚ್ಚುವ ಹೊತ್ತಿಗೆ ಸಾರು ಕುದಿಯಿತು. ಆ ವಾಸನೆಗೆ ಅಕ್ಕ ಯಾರ ಕೈಯನ್ನೂ ಹಿಡಿಯದೆ ಎದ್ದು ಗೋಡೆಗೆ ಒರಗಿ ಕೂತಳು. ತಾನಾಗಿಯೇ ತಟ್ಟೆ ಕೇಳಿದಳು. ಅವ್ವ ರಾಗಿ ಮುದ್ದೆಯನ್ನು ಮೆತ್ತಗೆ ಕಿವುಚಿ, ಮೇಲೆ ಸಾರು ಹುಯ್ದು, ಎರಡು ಚೂರು ಅಣಬೆ ಇಟ್ಟಳು. ಅಕ್ಕ ನನ್ನ ಕಡೆ ನೋಡಿ ನಕ್ಕಳು. ಬೆರಳಿನಲ್ಲಿ ಒಂದು ತುತ್ತು ಎತ್ತಿದಳು. ಆ ತುತ್ತಿನಲ್ಲಿ ಒಂದು ಬಿಳಿ ಚೂರಿತ್ತು. ಅದು ಹುತ್ತದ್ದೋ ಗೋಡೆಯದ್ದೋ ನನಗೆ ಗೊತ್ತಿರಲಿಲ್ಲ.

"ತಿನ್ಬ್ಯಾಡ ಕಣಕ್ಕಾ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡೆ, ತುತ್ತು ಚಾಪೆಯ ಮೇಲೆ ಬಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹುತ್ತದ್ದು ಬದುವಿನ ಹತ್ತಿರದ್ದು, ಮೊಗ್ಗಿನಲ್ಲೇ ನನ್ನ ಕಣ್ಣು ಬಿದ್ದಿತ್ತು, ಮಿಕ್ಕಿದ್ದು ಹೊಸ ಗೋಡೆ ಪಕ್ಕದ್ದು, ಒಳಗೆ ಹಸಿರು ಇತ್ತು, ನಾಲ್ಕು ಎಸೆದೆ, ಐದಿತ್ತೋ ಏನೋ, ಬೇರು ನಾನೇ ಮುರಿದೆ. ಹೇಳಿ ಮುಗಿಸಿದಾಗ ನನ್ನ ಕಾಲು ಸೋತು ಅಲ್ಲೇ ಕುಸಿದು ಕೂತೆ.

ಅವ್ವನಿಗೆ ಸಿಟ್ಟು ಬಂತೋ ಸಂಕಟ ಬಂತೋ, ಮೊದಲು ನನ್ನ ಬೆನ್ನಿಗೆ ಒಂದು ಬಿತ್ತು. ಆಮೇಲೆ ಪಾತ್ರೆಯ ಕಡೆ ನೋಡಿ, "ನಾಲ್ಕನ್ನೂ ಎಸ್ದಿದ್ದಾಳಲ್ಲ, ಬೆಳ್ಳುಳ್ಳಿನೂ ಕಪ್ಪಾಗಿಲ್ಲ, ಬೆಳ್ಳಗೇ ಅದೆ. ಇಸ ಇದ್ದಿದ್ರೆ ಕಪ್ಪಾಗ್ತಿರ್ಲಿಲ್ವಾ ಅತ್ತೆ?" ಎಂದಳು. ಪಾಪ, ಮಗಳು ತಾನಾಗಿ ಎತ್ತಿದ ಮೊದಲ ತುತ್ತು ಅದು, ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅಜ್ಜಿ ಕೋಲೂರಿ ಎದ್ದಳು. "ನನ್ನ ತೌರಲ್ಲಿ ಒಂದ್ಸಲ ಅಂಗೇ ಅಂದ್ಕಂಡು ಉಂಡಿದ್ರು ಕಣಮ್ಮ. ಬೆಳ್ಳುಳ್ಳಿ ಬೆಳ್ಳಗೇ ಇತ್ತು, ಮನೆಯೋರು ಮಾತ್ರ ಎದ್ದು ಕೂರೋಕೆ ಎಂಟು ದಿನ ಹಿಡೀತು. ಅವ್ರು ಗಟ್ಟಿಮುಟ್ಟಾಗಿದ್ರು, ಈ ಕೂಸು ತಡಕತದಾ? ಬೇಯ್ಸಿದ್ರೆ ಹೋಗೋ ಇಸ ಅಲ್ಲ ಅದು, ಸುರಿದ್ಬುಡು." ಅಷ್ಟು ಹೇಳಿ, ಅವ್ವ ಅಲ್ಲಾಡದೆ ಇದ್ದದ್ದನ್ನು ನೋಡಿ ಅವಳೇ ಬಟ್ಟೆ ಸುತ್ತಿ ಪಾತ್ರೆ ಇಳಿಸಿದಳು. ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿದ. ಹಸು, ಕೋಳಿ ಬಾಯಿ ಹಾಕದ ಹಾಗೆ ಸಾರನ್ನೆಲ್ಲ ಹೂತು ಮೇಲೆ ಕಲ್ಲು ಹೇರಿದರು. ತಟ್ಟೆ, ಪಾತ್ರೆ, ಮೊರ ಎಲ್ಲವನ್ನೂ ಬೂದಿ ಹಾಕಿ ಮೂರು ಸಲ ತಿಕ್ಕಿದರು. ನಾನು ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಆಗ ಅಕ್ಕನೂ ಅಳಲು ಶುರುಮಾಡಿದಳು. ಅವ್ವ ಗಾಬರಿಯಿಂದ ಹೋಗಿ ಹಣೆ ಮುಟ್ಟಿ ನೋಡಿದಳು. ಅಕ್ಕ ಕೈ ತಳ್ಳಿ, "ಹೊಟ್ಟೆ ಹಸೀತದೆ ಕಣವ್ವಾ, ಏನಾದ್ರೂ ಕೊಡು" ಎಂದಳು.

ತಿಂಗಳಿಂದ ಕೇಳದ ಮಾತು ಅದು. ಅಣಬೆಯ ಒಂದು ಚೂರೂ ಅವಳ ಬಾಯಿಗೆ ಹೋಗಿರಲಿಲ್ಲ. ಬರೀ ಆ ವಾಸನೆ, ಆ ಆಸೆ ಅವಳ ಹಸಿವನ್ನು ಎಬ್ಬಿಸಿತ್ತು. ಅವ್ವ ಬಿಸಿ ಮುದ್ದೆ ಮುರಿದು, ಮಧ್ಯಾಹ್ನದ ಸೊಪ್ಪಿನ ಬಸ್ಸಾರು ಹುಯ್ದು ಕೊಟ್ಟಳು. ಅಕ್ಕ ಅಳುತ್ತಲೇ ಉಂಡಳು, ಉಪ್ಪು ಸಾಲದು ಎಂದು ಬೇರೆ ಬಯ್ದಳು. ಅವ್ವ ಅವಳು ಬಯ್ದದ್ದಕ್ಕೆ ನಕ್ಕಳು. ಒಲೆಯಲ್ಲಿ ಹೊಗೆ ಇರಲಿಲ್ಲ, ಆದರೂ ಕಣ್ಣೊರೆಸಿಕೊಂಡಳು.

ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಹುತ್ತ ಮುನಿದಿರುತ್ತದೆ ಎಂಬ ಭಯ. ಬೆಳಗಾದ ಮೇಲೆ ಅಜ್ಜಿ ನನ್ನ ಹೆಗಲು ಹಿಡಿದುಕೊಂಡು, "ಹೇಳ್ಬುಟ್ಟೆಯಲ್ಲ, ಇನ್ನು ತೋರ್ಸು" ಎಂದಳು. ಅವಳ ಕೋಲಿನ ಸದ್ದು ಕೇಳುತ್ತ, ಒದ್ದೆ ಬದುವಿನ ಮೇಲೆ ಅವಳನ್ನು ಹುತ್ತದ ಹತ್ತಿರ ಕರೆದುಕೊಂಡು ಹೋದೆ. ನೋಡಲು ಧೈರ್ಯವಾಗದೆ ಕಣ್ಣು ಮುಚ್ಚಿಕೊಂಡೆ. ಅಜ್ಜಿ ಬಗ್ಗಿ ಹುತ್ತವನ್ನು ಸವರಿದಳು. ಆಮೇಲೆ ನನ್ನ ಕೈ ಹಿಡಿದೆಳೆದು ಅದರ ಮೇಲಿಟ್ಟಳು. ನಿನ್ನೆ ಕಿತ್ತ ಜಾಗದ ಪಕ್ಕದಲ್ಲೇ ತಣ್ಣಗೆ, ಗಟ್ಟಿಯಾಗಿ, ಹೊಸ ಮೊಗ್ಗುಗಳು ನನ್ನ ಅಂಗೈಗೆ ತಾಗಿದವು.

"ನಿನ್ನೆ ನಿನ್ನ ಕಣ್ಣು ಬಿದ್ದಿದ್ದೂ ಬೆಳೀತು, ನೀನು ಬಾಯಿ ಬಿಟ್ಟ ಮೇಲೂ ಎದ್ದದೆ" ಎಂದಳು ಅಜ್ಜಿ. ಮೊಗ್ಗುಗಳನ್ನು ಮತ್ತೊಮ್ಮೆ ಸವರಿದಳು. ಎಷ್ಟೋ ವರ್ಷ ನಂಬಿದ ಮಾತನ್ನು ಬಿಡುವುದು ಅವಳಿಗೆ ಸುಲಭವಿದ್ದಿರಲಾರದು. ಕೊನೆಗೆ, "ಇನ್ಮ್ಯಾಕೆ ನಮ್ಮ ಮನೇಲಿ ಬ್ಯಾರೆ ಕಟ್ಳೆ. ಅಣಬೆ ತಂದೋರು ಎಲ್ಲಿಂದ ತಂದೆ ಅಂತ ಮೊದ್ಲು ಹೇಳ್ಬೇಕು, ಹೇಳ್ದಿದ್ರೆ ಒಲೆ ಹತ್ಸಂಗಿಲ್ಲ" ಎಂದಳು. ಬೇರು ಸಮೇತ ಹೇಗೆ ಎಬ್ಬಿಸಬೇಕೆಂದು ಕೈ ಹಿಡಿದು ತೋರಿಸಿದಳು. ಆ ಮಧ್ಯಾಹ್ನ ಒಂದೊಂದನ್ನೂ ಅಜ್ಜಿ ಬೇರಿನಿಂದ ನೆತ್ತಿಯ ತನಕ ಸವರಿದ ಮೇಲೆ ಸಾರಾಯಿತು. ಅಕ್ಕ ಎರಡು ಲೋಟ ಕುಡಿದಳು. ಗೌರಿ ಹಬ್ಬದ ಹೊತ್ತಿಗೆ ನನ್ನನ್ನು ಮತ್ತೆ ಕಂಕುಳಲ್ಲಿ ಎತ್ತಿಕೊಳ್ಳಲು ನೋಡಿದಳು, ಅಷ್ಟರಲ್ಲಿ ನಾನೇ ಭಾರವಾಗಿದ್ದೆ.

ಆ ಹುತ್ತ ಇದ್ದ ಜಾಗದಲ್ಲಿ ಈಗ ಸಾಲು ಮನೆಗಳಿವೆ, ನಿಮ್ಮ ಅಪ್ಪನ ಸ್ನೇಹಿತರೊಬ್ಬರ ಮನೆಯೂ ಅಲ್ಲೇ ಎಲ್ಲೋ ಇದೆ. ನಿಮ್ಮ ಕಾಲದಲ್ಲಿ ಅಣಬೆ ಗುಡುಗಿಗೆ ಕಾಯುವುದಿಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದು ಫ್ರಿಜ್ಜಿನಲ್ಲಿ ಕೂರುತ್ತದೆ. ಅದರಲ್ಲಿ ಪ್ರೋಟೀನ್ ಇದೆ, ನಾರು ಇದೆ, ಬಿಸಿಲಿಗಿಟ್ಟರೆ ಅದರಲ್ಲಿ ಮೂಳೆಗೆ ಬೇಕಾದ ಡಿ ವಿಟಮಿನ್ ಹುಟ್ಟುತ್ತದೆ ಎಂದು ನಿಮ್ಮ ಪುಸ್ತಕ ಓದಿ ಹೇಳಿದಿರಿ. ನಮ್ಮ ಅಜ್ಜಿಯ ಮೊರ ನೆನಪಾಗಿ ನನಗೆ ಮೈ ಜುಂ ಎಂದಿತು. ಆದರೆ ನಿಮ್ಮ ಫೋನು ಪಾರ್ಕಿನ ಅಣಬೆಯ ಫೋಟೋ ನೋಡಿ ಒಂದು ಹೆಸರು ಹೇಳಿದ ಮಾತ್ರಕ್ಕೆ ನಾನು ಒಪ್ಪುವವಳಲ್ಲ. ಅದು ಬೇರನ್ನು ಸವರಿ ನೋಡಿಲ್ಲ. ಸವರಿ ನೋಡಿದ ನಮ್ಮಜ್ಜಿಯೇ ಒಂದು ದಿನ ಮೋಸ ಹೋದಳು. ಹಸಿರಾಗುವುದೊಂದೇ ಗುರುತೂ ಅಲ್ಲ, ಕೊನೆಯ ತನಕ ಬೆಳ್ಳಗೇ ಇದ್ದು ಜೀವ ತೆಗೆಯುವ ಅಣಬೆಗಳೂ ಇವೆಯಂತೆ. ಅದಕ್ಕೇ ಅಂಗಡಿಯ ಅಣಬೆ ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಒಂದು ವಿಷಯಕ್ಕೆ ಮಾತ್ರ ನಿಮ್ಮನ್ನು ಮೆಚ್ಚಿಕೊಂಡೆ. ಎಲ್ಲಿ ಕಿತ್ತಿರಿ ಎಂದು ಕೇಳಿದ ತಕ್ಷಣ ಹೇಳಿದಿರಿ. ನಾನು ಹೇಳಲು ಸಂಜೆಯಾಗಿತ್ತು.

ಇವತ್ತು ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಊಟಕ್ಕೆ ಬಂದದ್ದನ್ನು ನೀವೇ ನೋಡಿದಿರಿ. ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ, ಲೋಟ ಹಿಡಿದರೆ ಕೈ ಮತ್ತೆ ನಡುಗುತ್ತದೆ. ಅಣಬೆ ಸಾರು ಬಡಿಸಿದೆ. ಅವಳು ತಟ್ಟೆಗೆ ಕೈ ಹಾಕಲಿಲ್ಲ, ನನ್ನ ಮುಖ ನೋಡುತ್ತ ಕೂತಳು. ನೀವಿಬ್ಬರೂ ಯಾಕೆಂದು ತಿಳಿಯದೆ ಕಿಸಕ್ಕೆಂದಿರಿ. ನಾನು ಎದ್ದು ಹೋಗಿ ಕಸದ ಬುಟ್ಟಿಯಿಂದ ಆ ಪ್ಲಾಸ್ಟಿಕ್ ಡಬ್ಬಿ ಹೆಕ್ಕಿ ತಂದು, ಕನ್ನಡಕ ಹಾಕಿಕೊಂಡು, ಎಲ್ಲಿ ಬೆಳೆದದ್ದು, ಯಾವ ದಿನ ತುಂಬಿದ್ದು ಎಂದು ಅದರ ಮೇಲಿದ್ದ ಚೀಟಿಯನ್ನು ಪೂರ್ತಿ ಓದಿದೆ. ಅಕ್ಕ ಕೊನೆಯ ತನಕ ಕೇಳಿಸಿಕೊಂಡು, "ಹೇಳ್ಬುಟ್ಟೆಯಲ್ಲ, ಇನ್ನು ಉಣ್ತೀನಿ ಬುಡು" ಎಂದು ಮೊದಲ ತುತ್ತು ಎತ್ತಿದಳು.